ಸೈನಿಕನ ಪತ್ರ ಮತ್ತು ಸತ್ಯದ ಋಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಗೆ ಮಿಲಿಟರಿಗೆ ಮಕ್ಕಳನ್ನು ಕಳಿಸಿದ ಮನೆಗಳು ಹೊಸವಲ್ಲ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ. 1768ರಲ್ಲಿ ಹುಟ್ಟಿದ ‘ಜಂಗಿ ಪಲ್ಟನ್’ ಆ ರೆಜಿಮೆಂಟಿನ ಮೊದಲ ಬೆಟಾಲಿಯನ್. ಗಡಿಯಾಚೆ ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನಲ್ಲಿ ತನ್ನ ಹೆಸರಿಗೇ ‘ಸೈನಿಕ’ ಸೇರಿಸಿಕೊಂಡ ಸೈನಿಕ ಟಾಕಳಿ ಎಂಬ ಊರಿದೆ. ಮೊಬೈಲು ಬರುವ ಮೊದಲು ಈ ನೆಲದಿಂದ ಹೋದವರು ಊರಿಗೆ ಬರೆಯುತ್ತಿದ್ದ ಪತ್ರಗಳಿಗೆ ಒಂದು ಸಿದ್ಧ ಚೌಕಟ್ಟಿತ್ತು. ನೀಲಿ ಇನ್‌ಲ್ಯಾಂಡ್ ಪತ್ರದ ನೆತ್ತಿಯ ಮೇಲೆ ಮನೆದೇವರ ಹೆಸರು, ಕೆಳಗೆ ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಆಮೇಲೆ ‘ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ’ ಎಂಬ ಸಾಲು. ಬಳಿಕ ಮಳೆ ಹೇಗಾಯಿತು, ತಂಬಾಕಿಗೆ ಏನು ದರ ಬಂತು, ಎಮ್ಮೆ ಈಯಿತೇ, ತಂಗಿಯ ಮದುವೆ ಮಾತು ಎಲ್ಲಿಗೆ ಬಂತು ಎಂಬ ವಿಚಾರಣೆ. ಕಡೆಗೆ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ಹಿಂಬದಿಯಲ್ಲಿ ಕಳಿಸಿದವನ ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು ಮತ್ತು ‘ಕೇರ್ ಆಫ್ 56 ಎಪಿಒ’ ಅಥವಾ ‘99 ಎಪಿಒ’. ಆ ವಿಳಾಸದಲ್ಲಿ ಊರಿಲ್ಲ, ಜಿಲ್ಲೆಯಿಲ್ಲ, ರಾಜ್ಯವಿಲ್ಲ. ಮಗ ಹಿಮದಲ್ಲಿದ್ದಾನೋ, ಕಾಡಿನಲ್ಲಿದ್ದಾನೋ, ಕಡಲಾಚೆ ಇದ್ದಾನೋ ಎಂಬುದು ಪತ್ರ ಕೈಗೆ ಬಂದ ಮೇಲೂ ತಾಯಿಗೆ ತಿಳಿಯುತ್ತಿರಲಿಲ್ಲ.

‘ನಾನು ಇಲ್ಲಿ ಕ್ಷೇಮ’ ಎಂಬ ಆ ಸಾಲು ಅತಿ ಕಠಿಣ ಪರೀಕ್ಷೆಗೆ ಒಳಗಾದದ್ದು 1987ರಿಂದ 1990ರವರೆಗೆ, ಶ್ರೀಲಂಕಾದ ಅಂತರ್ಯುದ್ಧದಲ್ಲಿ. 1987ರ ಜುಲೈ 29ರಂದು ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜೆ.ಆರ್. ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಭಾರತೀಯ ಶಾಂತಿಪಾಲನಾ ಪಡೆ ತಮಿಳರನ್ನು ಕಾಯುವುದಕ್ಕೆಂದು, ಶಸ್ತ್ರಗಳನ್ನು ಒಪ್ಪಿಸಿಕೊಳ್ಳುವುದಕ್ಕೆಂದು ಹೋಯಿತು. ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ಅದೇ ಪಡೆ ‘ಆಪರೇಷನ್ ಪವನ್’ ಹೆಸರಿನಲ್ಲಿ ತಮಿಳು ಬಂಡುಕೋರ ಸಂಘಟನೆಯಾದ ಎಲ್‌ಟಿಟಿಇ ವಿರುದ್ಧ ಜಾಫ್ನಾದ ಓಣಿ ಓಣಿಗಳಲ್ಲಿ ಕಾದುತ್ತಿತ್ತು. ಮರಾಠಾ ಲೈಟ್ ಇನ್‌ಫೆಂಟ್ರಿಯ ಜವಾನರೂ ಅಲ್ಲಿದ್ದರು. ಕೊನೆಯ ತುಕಡಿ ಹಡಗು ಹತ್ತಿದ್ದು 1990ರ ಮಾರ್ಚ್ 24ರಂದು. ಅಷ್ಟರೊಳಗೆ ಸುಮಾರು 1,200 ಭಾರತೀಯ ಸೈನಿಕರು ಜೀವ ತೆತ್ತಿದ್ದರು. ಬಾಳೆತೋಟದ ನಡುವೆ ನೆಲಬಾಂಬು, ಮನೆಯೊಳಗಿಂದ ಗುಂಡು, ಸೀರೆಯುಟ್ಟ ಹುಡುಗಿಯೋ ಸೈಕಲ್ ಮೇಲಿನ ಹುಡುಗನೋ ಯಾರ ಕಡೆಯವರೆಂದು ತಿಳಿಯದ ಸ್ಥಿತಿ. ಅಂಥ ಜಾಗದಿಂದ ಒಬ್ಬನು ‘ನಾನು ಕ್ಷೇಮ’ ಎಂದು ಬರೆದರೆ ಅದನ್ನು ಏನೆಂದು ಕರೆಯಬೇಕು? ಅದು ಹುಸಿಯೇ, ಕರುಣೆಯೇ? ಹುಸಿಯಾದರೆ ಅದರ ಪಾಪ ಯಾರದು? ಕರುಣೆಯಾದರೆ ಆ ಕರುಣೆಗೆ ಎಲ್ಲೆ ಇದೆಯೇ? ಈ ಪ್ರಶ್ನೆಯನ್ನು ಮನಶ್ಶಾಸ್ತ್ರಕ್ಕೆ ಬಿಟ್ಟು ಸುಮ್ಮನಾಗುವ ಹಾಗಿಲ್ಲ. ಸತ್ಯವನ್ನು ವ್ರತವೆಂದು ಎಣಿಸುವ ಧರ್ಮಗಳ ನಡುವೆ ಬೆಳೆದವರು ಬರೆದ ಪತ್ರಗಳು ಇವು. ಆದ್ದರಿಂದ ಇದು ಮೊದಲು ಧರ್ಮದ ಪ್ರಶ್ನೆ.

ಈ ಸೀಮೆಯ ಧರ್ಮಜೀವನದಲ್ಲಿ ಸತ್ಯಕ್ಕೆ ಇರುವ ಸ್ಥಾನ ಸಣ್ಣದಲ್ಲ. ಅಥಣಿಯ ಗಚ್ಚಿನ ಮಠದ ಮುರುಘೇಂದ್ರ ಶಿವಯೋಗಿಗಳನ್ನು ಇಲ್ಲಿಯ ಜನ ಇಂದಿಗೂ ನೆನೆಯುವುದು ನುಡಿಗೂ ನಡೆಗೂ ನಡುವೆ ಬಿರುಕಿಲ್ಲದ ಬಾಳಿಗಾಗಿ. ಬಸವಣ್ಣನವರ ನೀತಿಸಂಹಿತೆಯಲ್ಲಿ ಕಳವು ಮತ್ತು ಕೊಲೆಯ ಜೊತೆಯಲ್ಲೇ ಹುಸಿಗೂ ನಿಷೇಧವಿದೆ. ವೇದಗಂಗಾ ಮತ್ತು ದೂಧಗಂಗಾ ಕೂಡುವ ಭೋಜದ ಪಾಟೀಲ ಮನೆತನದಿಂದ ಬಂದ ಆಚಾರ್ಯ ಶಾಂತಿಸಾಗರರು ಇಪ್ಪತ್ತನೇ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟವರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿ ದೇಹ ಬಿಟ್ಟರು. ಆ ಜೈನ ಮಾರ್ಗದ ಗೃಹಸ್ಥನೂ ಕೈಗೊಳ್ಳಬೇಕಾದ ಐದು ಅಣುವ್ರತಗಳಲ್ಲಿ ಅಹಿಂಸೆಯ ಬೆನ್ನಿಗೇ ಸತ್ಯ ಬರುತ್ತದೆ. ಇವುಗಳ ಮೇಲೆ, ಕನ್ನಡದ ಮಗು ಶಾಲೆಯಲ್ಲಿ ಕಲಿಯುವ ಮೊದಲ ನೀತಿಯೇ ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಾಯಿಗೆ ಮರಳಿದ ಪುಣ್ಯಕೋಟಿಯದು. ಬೆಳೆದ ಮೇಲೆ ಕೇಳುವುದು ರಾಘವಾಂಕನ ಹರಿಶ್ಚಂದ್ರನ ಕಥೆ. ಇಷ್ಟೆಲ್ಲ ಕೇಳಿ ಬೆಳೆದವನು ಕಾಳಗದ ನಡುವೆ ಕೂತು ಕ್ಷೇಮವೆಂದು ಬರೆದರೆ, ಅವನು ತನ್ನ ಧರ್ಮವನ್ನು ಮನೆಯಲ್ಲೇ ಬಿಟ್ಟು ಹೋದನೆಂದು ಹೇಳಬೇಕಾಗುತ್ತದೆ. ಹಾಗೆ ಹೇಳಲು ನಾನು ಸಿದ್ಧನಿಲ್ಲ. ಹಾಗೆಂದು ಅವನ ಎಲ್ಲ ಮೌನವನ್ನೂ ಮನ್ನಿಸಲೂ ಸಿದ್ಧನಿಲ್ಲ. ನನ್ನ ವಾದ ಇಷ್ಟು: ತನ್ನ ಮೈಮೇಲಿನ ಗಾಯವನ್ನು ಮನೆಯವರಿಂದ ಮುಚ್ಚಿಡುವ ಅಧಿಕಾರ ಸೈನಿಕನಿಗೆ ಉಂಟು, ತಾನು ಇನ್ನೊಬ್ಬರ ಮೇಲೆ ಮಾಡಿದ ಗಾಯವನ್ನು ಶಾಶ್ವತವಾಗಿ ಮುಚ್ಚಿಡುವ ಅಧಿಕಾರ ಅವನಿಗೂ ಇಲ್ಲ, ಅವನನ್ನು ಕಳಿಸಿದ ನಮಗೂ ಇಲ್ಲ.

ಮೊದಲ ಅರ್ಧವನ್ನು ಸಾಧಿಸಲು ದೂರ ಹೋಗಬೇಕಿಲ್ಲ. ಭಾರತದ ಎಲ್ಲ ಅಂತರ್ಯುದ್ಧಗಳ ಮೂಲಕಥೆಯಾದ ಮಹಾಭಾರತದಲ್ಲಿ, ಮಗನ ಕ್ಷೇಮದ ವಿಷಯವಾಗಿ ತಂದೆಯೊಬ್ಬನಿಗೆ ಮುಟ್ಟಿದ ಸುದ್ದಿಯೊಂದಿದೆ. ದ್ರೋಣ ಶಸ್ತ್ರ ಕೆಳಗಿಡಬೇಕಾದರೆ ಅಶ್ವತ್ಥಾಮ ಸತ್ತನೆಂಬ ಮಾತು ಅವನ ಕಿವಿಗೆ ಬೀಳಬೇಕಿತ್ತು. ಭೀಮ ಅದೇ ಹೆಸರಿನ ಆನೆಯನ್ನು ಕೊಂದ. ಎಂದೂ ಸುಳ್ಳಾಡದ ಧರ್ಮರಾಯ ಆ ಹೆಸರನ್ನು ಗಟ್ಟಿಯಾಗಿಯೂ ಆನೆಯೆಂಬುದನ್ನು ಮೆಲ್ಲಗೂ ಹೇಳಿದ. ಅವನ ವಾಕ್ಯವನ್ನು ಅಕ್ಷರಶಃ ತೂಗಿದರೆ ಅದು ಸತ್ಯವೇ. ಸತ್ತದ್ದು ಆನೆಯೇ ಹೌದು. ಆದರೂ ಅಲ್ಲಿಯವರೆಗೆ ನೆಲ ಮುಟ್ಟದೆ ನಾಲ್ಕಂಗುಲ ಮೇಲೆ ಹರಿಯುತ್ತಿದ್ದ ಅವನ ರಥ ಆ ಕ್ಷಣ ನೆಲಕ್ಕಿಳಿಯಿತೆಂದು ಕಥೆ ಹೇಳುತ್ತದೆ. ಇದರ ಪಕ್ಕದಲ್ಲಿ ನಮ್ಮ ಸೈನಿಕನ ಸಾಲನ್ನು ಇಟ್ಟು ನೋಡಿ. ಅದೂ ಮಗನ ವಿಷಯವಾಗಿ ಹೆತ್ತವರಿಗೆ ಹೋದ ಸುದ್ದಿ. ಅಕ್ಷರಶಃ ತೂಗಿದರೆ ಅದು ಸುಳ್ಳಿರಬಹುದು. ಕಾಲಿಗೆ ಚೂರು ಹೊಕ್ಕಿರಬಹುದು, ಪಕ್ಕದ ಮಂಚದ ಗೆಳೆಯ ಹಿಂದಿನ ದಿನ ಸತ್ತಿರಬಹುದು. ಧರ್ಮರಾಯನ ಅಕ್ಷರಸತ್ಯ ಒಬ್ಬ ತಂದೆಯ ಕೈಯಿಂದ ಬಿಲ್ಲು ಕೆಡವಿ ಅವನ ತಲೆ ಕಡಿಯಲು ದಾರಿ ಮಾಡಿತು. ಸೈನಿಕನ ಅಕ್ಷರಸುಳ್ಳು ಒಬ್ಬ ತಾಯಿಗೆ ಆ ವಾರ ಉಂಡು ಮಲಗುವ ಬಲ ಕೊಟ್ಟಿತು. ವಾಕ್ಯಕ್ಕೂ ವಸ್ತುಸ್ಥಿತಿಗೂ ತಾಳೆಯಾಗುತ್ತದೆಯೇ ಎಂಬ ಒಂದೇ ಅಳತೆಗೋಲಿನಿಂದ ಅಳೆದರೆ ಮೊದಲನೆಯವನು ಸತ್ಯವಂತ, ಎರಡನೆಯವನು ಹುಸಿಗಾರ ಎಂದಾಗುತ್ತದೆ. ಮಹಾಭಾರತ ಆ ಅಳತೆಗೋಲನ್ನು ಒಪ್ಪಿಲ್ಲ.

ಜೈನ ಶಾಸ್ತ್ರ ಇದನ್ನು ಇನ್ನೂ ಸ್ಪಷ್ಟವಾಗಿ ವಿಚಾರ ಮಾಡಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಅಸತ್ಯವನ್ನು ನಿರೂಪಿಸುವಾಗ ಮಾತಿನ ಒಳಿತು ಕೆಡುಕನ್ನು ಮುಂದಿಡುತ್ತದೆ. ಆ ಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ಟೀಕೆ ಬರೆದ ಪೂಜ್ಯಪಾದರು, ಪ್ರಾಣಿಗೆ ಪೀಡೆ ತರುವ ಮಾತು ಇದ್ದದ್ದನ್ನೇ ಹೇಳುತ್ತಿದ್ದರೂ ಅಪ್ರಶಸ್ತವೇ ಎಂದು ವಿವರಿಸುತ್ತಾರೆ. ಉಳಿದ ವ್ರತಗಳೆಲ್ಲ ಅಹಿಂಸೆಯನ್ನು ಕಾಯುವುದಕ್ಕೆ ಇರುವಂಥವು ಎಂಬುದು ಅವರ ನಿಲುವು. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕೌಶಿಕನ ಕಥೆಯ ತಿರುಳೂ ಇದೇ. ಸತ್ಯವ್ರತಿಯಾದ ಆ ತಪಸ್ವಿ, ಕಳ್ಳರಿಗೆ ಹೆದರಿ ಅಡಗಿದ್ದವರ ಜಾಗವನ್ನು ಕಳ್ಳರು ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿದ. ಅಡಗಿದ್ದವರು ಸತ್ತರು, ತಪಸ್ವಿ ನರಕಕ್ಕೆ ಹೋದ. ಮಾತಿನಿಂದ ಯಾರಿಗೆ ಏನಾಗುತ್ತದೆ, ಆಡುವವನ ಮನಸ್ಸಿನಲ್ಲಿ ಏನಿದೆ ಎಂಬ ಎರಡನ್ನೂ ಬಿಟ್ಟು ಸತ್ಯವನ್ನು ನಿರ್ಣಯಿಸುವಂತಿಲ್ಲ ಎಂಬುದು ಇವೆರಡೂ ಪರಂಪರೆಗಳು ಸೇರಿ ಹೇಳುವ ಮಾತು. ಗಾಯಾಳು ಮಗ ತಾಯಿಗೆ ‘ಆರಾಮ ಅದೀನಿ, ಕಾಳಜಿ ಮಾಡಬ್ಯಾಡ್ರಿ’ ಎಂದು ಬರೆದಾಗ ಅವನಿಗೆ ಅದರಿಂದ ಸಿಗುವ ಲಾಭ ಯಾವುದೂ ಇಲ್ಲ. ನೋವನ್ನು ಒಬ್ಬನೇ ಹೊರುವ ಕಷ್ಟವನ್ನು ಅವನು ಹೆಚ್ಚಾಗಿ ತೆಗೆದುಕೊಳ್ಳುತ್ತಾನೆ. ಈ ಅಳತೆಯಲ್ಲಿ ಆ ಸಾಲು ಹುಸಿಯ ಪಟ್ಟಿಗೆ ಸೇರುವುದಿಲ್ಲ.

ಇದಕ್ಕೆ ಗಂಭೀರವಾದ ಆಕ್ಷೇಪವಿದೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1797ರ ಪ್ರಬಂಧವೊಂದರಲ್ಲಿ, ಗೆಳೆಯನನ್ನು ಅಟ್ಟಿಸಿಕೊಂಡು ಬಂದ ಕೊಲೆಗಡುಕನಿಗೆ ಕೂಡ ಸುಳ್ಳು ಹೇಳುವ ಹಕ್ಕು ಯಾರಿಗೂ ಇಲ್ಲವೆಂದು ವಾದಿಸಿದ. ಒಬ್ಬರ ಹಿತಕ್ಕೆಂದು ಸುಳ್ಳು ಹೇಳಲು ಒಮ್ಮೆ ಶುರುಮಾಡಿದರೆ ಮಾತಿನ ಮೇಲಿನ ನಂಬಿಕೆಯೇ ಕುಸಿಯುತ್ತದೆ ಎಂಬುದು ಅವನ ಅಂಜಿಕೆ. ಹರಿಶ್ಚಂದ್ರನ ಹಟವೂ ಹತ್ತಿರ ಹತ್ತಿರ ಇದೇ. ಈ ಅಂಜಿಕೆ ಹುರುಳಿಲ್ಲದ್ದಲ್ಲ. ಮುಂದೆ ಅದಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತೇನೆ. ಆದರೆ ಸೈನಿಕನ ಪತ್ರದಲ್ಲಿ ಮೋಸಹೋಗುವವರು ಯಾರು ಎಂದು ಕೇಳಬೇಕು. 1991ರ ಜನಗಣತಿಯಲ್ಲಿ ಕೂಡ ಕರ್ನಾಟಕದ ಮಹಿಳಾ ಸಾಕ್ಷರತೆ ಶೇ 44ರಷ್ಟೇ ಇತ್ತು. ಹಳ್ಳಿಯ ತಾಯಂದಿರಲ್ಲಿ ಅದು ಇನ್ನೂ ಕಡಿಮೆ. ಪತ್ರವನ್ನು ಓದಿ ಹೇಳುತ್ತಿದ್ದವರು ಟಪಾಲಿನವರು, ಶಾಲೆಯ ಮಾಸ್ತರರು, ಪಕ್ಕದ ಮನೆಯ ಹುಡುಗರು. ಕಟ್ಟೆಯ ಮೇಲೆ ನಾಲ್ಕು ಜನರ ಎದುರು ಓದಲಾಗುವ ಕಾಗದವೆಂದು ಬರೆಯುವವನಿಗೆ ಗೊತ್ತಿತ್ತು; ಅದರಲ್ಲಿ ಅಂತರಂಗ ಇರುವುದಿಲ್ಲವೆಂದು ಕೇಳುವವಳಿಗೂ ಗೊತ್ತಿತ್ತು. ಆಕೆ ಆ ಸಾಲಿನಿಂದ ತೆಗೆದುಕೊಂಡದ್ದು ಎರಡೇ ಸಂಗತಿ: ಈ ತಾರೀಖಿನಂದು ಮಗ ಬದುಕಿದ್ದ, ಅವನಿಗೆ ಮನೆಯ ನೆನಪಿತ್ತು. ಈ ಎರಡೂ ನಿಜ. ಬರೆದವನೂ ಕೇಳಿದವಳೂ ಒಂದು ಸಾಲಿಗೆ ಒಂದೇ ಅರ್ಥ ಹಚ್ಚಿದ ಮೇಲೆ ಅಲ್ಲಿ ವಂಚನೆ ನಡೆದಿದೆ ಎನ್ನಲು ಬರುವುದಿಲ್ಲ. ಕಾಂಟ್‌ನ ಆಕ್ಷೇಪ ಇನ್ನೊಬ್ಬನ ನಂಬಿಕೆಯನ್ನು ಬಳಸಿಕೊಂಡು ಅವನನ್ನು ದಾರಿ ತಪ್ಪಿಸುವ ಮಾತಿಗೆ ಸಲ್ಲುತ್ತದೆ. ಈ ಸಾಲಿಗೆ ಸಲ್ಲುವುದಿಲ್ಲ.

ಹಾಗಾದರೆ ಮನೆಯವರ ಮೇಲಿನ ಅಕ್ಕರೆಯಿಂದ ಏನನ್ನಾದರೂ ಮುಚ್ಚಿಡಬಹುದೇ? ಇಲ್ಲ. ಇದಕ್ಕೂ ಉತ್ತರ ಅದೇ ಕುರುಕ್ಷೇತ್ರದಲ್ಲಿದೆ. ಕುಂತಿ ತನ್ನ ಹಿರಿಯ ಮಗ ಕರ್ಣನ ಗುಟ್ಟನ್ನು ಪಾಂಡವರಿಂದ ಯುದ್ಧ ಮುಗಿಯುವವರೆಗೂ ಮುಚ್ಚಿಟ್ಟಳು. ಕನ್ಯೆಯಾಗಿದ್ದಾಗಿನ ಅವಳ ಸಂಕಟ ಅವಳ ಸ್ವಂತದ್ದು. ಅದನ್ನು ಹೇಳದೆ ಇರುವ ಅಧಿಕಾರವೂ ಅವಳದೇ. ಆದರೆ ಆ ಗುಟ್ಟಿನೊಳಗೆ ಇನ್ನೊಬ್ಬನ ಪ್ರಾಣವಿತ್ತು. ತಾನು ಬಾಣ ಹೂಡಿದ್ದು ಒಡಹುಟ್ಟಿದವನ ಮೇಲೆಂದು ಅರ್ಜುನನಿಗೆ ತಿಳಿಯದೆ ಹೋಯಿತು. ಸತ್ತವರಿಗೆ ತರ್ಪಣ ಕೊಡುವ ಹೊತ್ತಿನಲ್ಲಿ ಕುಂತಿ ಬಾಯಿಬಿಟ್ಟಾಗ ಧರ್ಮರಾಯ ದುಃಖಿಸಿದ್ದು, ಮೊದಲೇ ತಿಳಿದಿದ್ದರೆ ಈ ಸಂಹಾರವೇ ನಡೆಯುತ್ತಿರಲಿಲ್ಲವೆಂದು. ಯಾರೂ ಕುಂತಿಯ ತಾಯ್ತನವನ್ನು ಸಂಶಯಿಸುವುದಿಲ್ಲ. ಆದರೂ ಅವಳ ಮೌನವನ್ನು ಕರುಣೆಯೆಂದು ಕರೆಯಲಾಗದು. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ ಪಂಪ ಕವಿಯೂ ಹೌದು, ಕತ್ತಿ ಹಿಡಿದ ಯೋಧನೂ ಹೌದು, ನಂಬಿಕೆಯಿಂದ ಜೈನ. ಅವನು ಕರ್ಣನಿಗೆ ಕೊಟ್ಟ ಎತ್ತರವನ್ನು ಗಮನಿಸಿದವರಿಗೆ ಈ ಮೌನದ ಬೆಲೆ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಇಲ್ಲಿಂದ ಒಂದು ನಿಯಮ ಹೊರಡುತ್ತದೆ. ಮುಚ್ಚಿಟ್ಟದ್ದರ ಭಾರ ಮುಚ್ಚಿಟ್ಟವರ ಮೇಲೆ ಮಾತ್ರ ಬೀಳುವುದಾದರೆ ಆ ಮೌನ ಧರ್ಮಕ್ಕೆ ಒಪ್ಪುತ್ತದೆ. ಅದರ ಭಾರ ಮೂರನೆಯವರ ಮೇಲೆ ಬೀಳುವುದಾದರೆ ಒಪ್ಪುವುದಿಲ್ಲ.

ಅಂತರ್ಯುದ್ಧದಲ್ಲಿ ಈ ಮೂರನೆಯವರು ಎಲ್ಲೆಲ್ಲೂ ಇರುತ್ತಾರೆ. ಎರಡು ದೇಶಗಳ ಕಾಳಗದಲ್ಲಿ ಒಂದು ಗಡಿರೇಖೆ, ಎರಡು ಸಮವಸ್ತ್ರ ಇರುತ್ತವೆ. ಒಳಜಗಳದ ಕಾಳಗ ನಡೆಯುವುದು ಜನರ ಮನೆ, ದೇವಸ್ಥಾನ, ಶಾಲೆ, ದವಾಖಾನೆಗಳಲ್ಲಿ. 1987ರ ಅಕ್ಟೋಬರ್ 21ರಂದು ಜಾಫ್ನಾದ ದೊಡ್ಡಾಸ್ಪತ್ರೆಯೊಳಗೆ ವೈದ್ಯರು, ದಾದಿಯರು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಎರಡೂ ಕಡೆಯ ಗುಂಡಿನ ಚಕಮಕಿಯಲ್ಲಿ ಹಾಗಾಯಿತೆಂದು ಸೇನೆಯ ಕಡೆಯವರು ಹೇಳಿದರು. ಸೈನಿಕರು ನಿರಾಯುಧರನ್ನು ಕೊಂದರೆಂದು ಬದುಕಿ ಉಳಿದವರು ಸಾಕ್ಷಿ ಹೇಳಿದರು. ಆ ಆಸ್ಪತ್ರೆಯೊಳಗೆ ಸತ್ತವರಿಗೂ ತಾಯಂದಿರಿದ್ದರು. ಅವರ ಓಣಿಯಲ್ಲೂ ಮುರುಗನ ಗುಡಿ ಇತ್ತು, ನಮ್ಮೂರ ಷಣ್ಮುಖನೂ ಅವನೇ. ಈ ಸಂಗತಿಯನ್ನು ಇಲ್ಲಿ ಎತ್ತುವುದು ಚಿಕ್ಕೋಡಿಯ ಯಾವ ಮಗನ ಮೇಲೂ ಆರೋಪ ಹೊರಿಸಲಿಕ್ಕಲ್ಲ. ‘ನಾನು ಕ್ಷೇಮ’ ಎಂಬ ಸಾಲಿನಲ್ಲಿರುವ ಆ ‘ಕ್ಷೇಮ’ದೊಳಗೆ ಯಾರು ಯಾರು ಸೇರಿದ್ದಾರೆಂದು ಕೇಳಿಕೊಳ್ಳುವುದಕ್ಕಾಗಿ. ಸೈನಿಕ ತನ್ನ ಜ್ವರವನ್ನು, ತನ್ನ ಹಸಿವನ್ನು, ತನ್ನ ಹೆದರಿಕೆಯನ್ನು ಆ ಸಾಲಿನಿಂದ ಹೊರಗಿಟ್ಟರೆ ಅದು ಅವನ ದೊಡ್ಡತನ. ಅವನೆದುರು ಬಿದ್ದ ನಿರಪರಾಧಿಯ ಹೆಣವೂ ಆ ಸಾಲಿನಿಂದ ಶಾಶ್ವತವಾಗಿ ಹೊರಗುಳಿದರೆ, ಆ ಜೀವಕ್ಕೆ ಎರಡನೇ ಸಲ ಅನ್ಯಾಯವಾಗುತ್ತದೆ. ಕಾಂಟ್‌ನ ಅಂಜಿಕೆಗೆ ಸಲ್ಲಬೇಕಾದದ್ದು ಸಲ್ಲುವುದು ಇಲ್ಲಿ.

ಈ ನಿಯಮವನ್ನು ಪಂಡಿತರು ಕೂತು ಹೊಸೆದದ್ದೆಂದು ಯಾರೂ ತಿಳಿಯಬೇಕಿಲ್ಲ. ಸೈನಿಕರೇ ಅದನ್ನು ನಡೆದು ತೋರಿಸಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳ ಪತ್ರಗಳನ್ನು ಬ್ರಿಟಿಷ್ ಸರ್ಕಾರ ತೆರೆದು ಓದುತ್ತಿತ್ತು. ಬೂಲೋನ್‌ನಲ್ಲಿದ್ದ ಸೆನ್ಸಾರ್ ಕಚೇರಿ ಆರಿಸಿದ ಪತ್ರಗಳ ಭಾಗಗಳನ್ನು ಇಂಗ್ಲಿಷಿಗೆ ತಂದು ವರದಿ ಮಾಡುತ್ತಿತ್ತು. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ತಮ್ಮ ಕಷ್ಟವನ್ನು ದೇವರ ಇಚ್ಛೆಯೆಂದು ಎರಡು ಮಾತಿನಲ್ಲಿ ಮುಗಿಸಿ ಮನೆಯವರ ಕ್ಷೇಮ ಕೇಳುವ ಪತ್ರಗಳು ಅವುಗಳಲ್ಲಿ ಎಷ್ಟೋ. ಆದರೆ ಕೆಲವರು ಕರಿಮೆಣಸು, ಕೆಂಪು ಮೆಣಸು ಎಂಬ ಗೂಢ ಮಾತು ಕಟ್ಟಿಕೊಂಡರು. ಕರಿಮೆಣಸು ಎಂದರೆ ಭಾರತೀಯ ಪಡೆ, ಕೆಂಪು ಮೆಣಸು ಎಂದರೆ ಬಿಳಿಯರ ಪಡೆ. ಕರಿಮೆಣಸೆಲ್ಲ ತೀರುತ್ತ ಬಂತು ಎಂದು ಬರೆದರೆ ನಮ್ಮವರು ಸಾಯುತ್ತಿದ್ದಾರೆಂದು ಊರಲ್ಲಿ ತಿಳಿಯಬೇಕು. ಇನ್ನು ಕೆಲವರು ತಮ್ಮಂದಿರಿಗೆ, ನೆಂಟರಿಗೆ ಭರ್ತಿಯಾಗಬೇಡಿ ಎಂದು ಸುಳಿವು ಕೊಟ್ಟರು. ಸಿಕ್ಕಿಬಿದ್ದರೆ ಶಿಕ್ಷೆಯೆಂದು ತಿಳಿದೂ ಹೀಗೆ ಬರೆದರು. ತನ್ನ ನೋವಿನ ಮಟ್ಟಿಗೆ ಬಾಯಿ ಕಟ್ಟಿಕೊಂಡವನೇ, ಇನ್ನೊಬ್ಬನ ಜೀವದ ಮಾತು ಬಂದಾಗ ಸೆನ್ಸಾರಿನ ಕಣ್ಣು ತಪ್ಪಿಸಿ ಸತ್ಯವನ್ನು ಮನೆಗೆ ಮುಟ್ಟಿಸುವ ದಾರಿ ಹುಡುಕಿದ. ಎಲ್ಲಿ ಸುಮ್ಮನಿರಬೇಕು, ಎಲ್ಲಿ ಸುಮ್ಮನಿರಬಾರದು ಎಂಬ ವಿವೇಕ ಹಳ್ಳಿಯಿಂದ ಹೋದ ಆ ಸಿಪಾಯಿಗೆ ಇತ್ತು.

ಇಲ್ಲಿ ಇನ್ನೊಂದು ಆಕ್ಷೇಪ ಎದ್ದೇಳುತ್ತದೆ, ಅದಕ್ಕೆ ನ್ಯಾಯವಿದೆ. ಸೈನಿಕ ಆಜ್ಞೆಗೆ ಬದ್ಧ. ಸಂವಿಧಾನದ 33ನೇ ವಿಧಿ ಸೇನಾಪಡೆಯವರ ಮೂಲಭೂತ ಹಕ್ಕುಗಳನ್ನೇ ಮಿತಿಗೊಳಿಸಲು ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಕಾರ್ಯಾಚರಣೆಯ ವಿಷಯ ಪತ್ರದಲ್ಲಿ ಬರೆದರೆ ಜೊತೆಗಾರರ ಪ್ರಾಣಕ್ಕೇ ಕುತ್ತು. ತಿಂಗಳ ಪಗಾರಕ್ಕೆ ದುಡಿಯುವ ರೈತನ ಮಗನ ತಲೆಯ ಮೇಲೆ ರಾಜಕಾರಣಿಗಳು ಶುರುಮಾಡಿದ ಯುದ್ಧದ ಪಾಪವನ್ನೂ ಹೊರಿಸಿ, ಅದರ ತಪ್ಪೊಪ್ಪಿಗೆಯನ್ನೂ ಅವನಿಂದಲೇ ಕೇಳುವುದು ಯಾವ ಧರ್ಮ? ಇದಕ್ಕೆ ಜೈನ ವಿಚಾರದಲ್ಲಿ ಒಂದು ಸೂಕ್ಷ್ಮ ಉತ್ತರವಿದೆ. ಗೃಹಸ್ಥನ ಹಿಂಸೆಯನ್ನು ಆ ಪರಂಪರೆ ನಾಲ್ಕು ಬಗೆಯಾಗಿ ನೋಡುತ್ತದೆ: ಬೇಕೆಂದೇ ಮಾಡುವ ಸಂಕಲ್ಪಿ, ಮನೆಗೆಲಸದಲ್ಲಿ ಆಗುವ ಆರಂಭಿ, ಕಸುಬಿನಲ್ಲಿ ಆಗುವ ಉದ್ಯೋಗಿ, ಆಕ್ರಮಣವನ್ನು ತಡೆಯುವಾಗ ಆಗುವ ವಿರೋಧಿ. ಗೃಹಸ್ಥ ಪೂರ್ತಿಯಾಗಿ ಬಿಡಲೇಬೇಕಾದದ್ದು ಮೊದಲನೆಯದನ್ನು; ರಕ್ಷಣೆಗಾಗಿ ಶಸ್ತ್ರ ಹಿಡಿದವನಿಗೆ ನಾಲ್ಕನೆಯದರ ಮಟ್ಟಿಗೆ ವಿನಾಯಿತಿ ಉಂಟು. ಆದರೆ ವಿನಾಯಿತಿ ಸಿಕ್ಕ ಮಾತ್ರಕ್ಕೆ ಅದು ಹಿಂಸೆಯಲ್ಲವೆಂದು ಆ ಶಾಸ್ತ್ರ ಎಲ್ಲೂ ಹೇಳುವುದಿಲ್ಲ. ಅದಕ್ಕಾಗಿಯೇ ಮಾಡಿದ್ದನ್ನು ಮನಸ್ಸಿಗೆ ತಂದುಕೊಂಡು ಹೇಳಿಕೊಳ್ಳುವ ಆಲೋಚನೆ, ಅದರಿಂದ ಹಿಂದಿರುಗುವ ಪ್ರತಿಕ್ರಮಣ, ದಶಲಕ್ಷಣ ಪರ್ವದ ಕೊನೆಗೆ ಎಲ್ಲ ಜೀವಿಗಳ ಕ್ಷಮೆ ಕೇಳುವ ಕ್ಷಮಾವಣಿ ಇವೆ. ಇವು ಶಿಕ್ಷೆಯ ವಿಧಾನಗಳಲ್ಲ. ಮಾಡಿದ್ದನ್ನು ಮಾಡಲಿಲ್ಲವೆಂದು ನಟಿಸದೆ ಬದುಕುವ ವಿಧಾನಗಳು.

ಅದೇ ಶಾಸ್ತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಕ್ಷೇಪದ ಬಲವನ್ನು ಸರಿಯಾದ ದಿಕ್ಕಿಗೆ ತಿರುಗಿಸುತ್ತದೆ. ಕರ್ಮ ಅಂಟುವುದು ಕೈಯಾರೆ ಮಾಡಿದವನಿಗೆ ಮಾತ್ರವಲ್ಲ. ಕೃತ, ಕಾರಿತ, ಅನುಮೋದಿತ ಎಂದು ಮೂರು ದಾರಿ ಹೇಳುತ್ತಾರೆ: ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಮನಸ್ಸು, ಮಾತು, ಮೈ ಮೂರರಿಂದಲೂ ಇವು ಆಗಬಹುದು. ಯುದ್ಧಕ್ಕೆ ಕಳಿಸಿದ ಸರ್ಕಾರ ಮಾಡಿಸಿದ್ದರಲ್ಲಿ ಬರುತ್ತದೆ. ಹಾರ ಹಾಕಿ, ಘೋಷಣೆ ಕೂಗಿ ಕಳಿಸಿದ ನಾವೆಲ್ಲ ಮೆಚ್ಚಿದ್ದರಲ್ಲಿ ಬರುತ್ತೇವೆ. ಹಾಗಾದರೆ ಸತ್ಯದ ಋಣ ಯಾರಿಗೆ ಸಲ್ಲಬೇಕೆಂಬುದೂ ಸ್ಪಷ್ಟವಾಗುತ್ತದೆ. ಧೃತರಾಷ್ಟ್ರನನ್ನು ನೆನೆದುಕೊಳ್ಳಿ. ಅವನೂ ರಣದಿಂದ ದೂರ ಮನೆಯಲ್ಲಿ ಕೂತ ತಂದೆಯೇ, ಅದೂ ಕಣ್ಣಿಲ್ಲದ ಮುದುಕ. ಆದರೆ ಸಂಜಯ ಅವನಿಗೆ ಒಂದು ದಿನವೂ ‘ನಿನ್ನ ಮಕ್ಕಳು ಕ್ಷೇಮ’ ಎನ್ನಲಿಲ್ಲ. ಯಾರು ಬಿದ್ದರು, ಹೇಗೆ ಬಿದ್ದರು, ತಪ್ಪು ಯಾರದು ಎಂದು ಮುಖಕ್ಕೆ ಹೊಡೆದಂತೆ ಹೇಳಿದ. ಧೃತರಾಷ್ಟ್ರ ತಂದೆ ಮಾತ್ರವಾಗಿರಲಿಲ್ಲ, ರಾಜನಾಗಿದ್ದ. ಜೂಜನ್ನು ತಡೆಯಬಹುದಾಗಿತ್ತು, ಸಂಧಿಗೆ ಒಪ್ಪಿಸಬಹುದಾಗಿತ್ತು. ಯುದ್ಧವನ್ನು ನಿಲ್ಲಿಸುವ ಕೈ ಯಾರದೋ ಅವರಿಗೆ ಪೂರ್ತಿ ಸತ್ಯ ಮುಟ್ಟಬೇಕು. ತಡೆಯುವ ಶಕ್ತಿಯಿಲ್ಲದೆ ಬರೀ ಕಾಯುವ ತಾಯಿಗೆ ಸಮಾಧಾನ ಮುಟ್ಟಿದರೆ ಸಾಕು. ನಮ್ಮ ಕಾಲದ ವಿಪರ್ಯಾಸವೆಂದರೆ, ತಾಯಿಗೆ ಸಲ್ಲಬೇಕಾದ ಸಮಾಧಾನದ ಸಾಲನ್ನು ಸರ್ಕಾರಗಳು ತಮಗೆ ತಾವೇ ಬರೆದುಕೊಂಡು ಪ್ರಜೆಗಳಿಗೂ ಓದಿ ಹೇಳುತ್ತವೆ. ಪ್ರಜಾಪ್ರಭುತ್ವದಲ್ಲಿ ಧೃತರಾಷ್ಟ್ರನ ಪೀಠದ ಮೇಲೆ ಕೂತವರು ನಾವೇ ಆದ್ದರಿಂದ ಸಂಜಯನ ಮಾತು ಕೇಳುವ ಕರ್ತವ್ಯವೂ ನಮ್ಮದೇ.

ಹೆಂಡತಿಯ ವಿಷಯ ಬೇರೆಯಲ್ಲವೇ ಎಂದು ಕೇಳಬಹುದು. ತಾಯಿಗೆ ಕಾಯುವುದೊಂದೇ ಕೆಲಸವಿರಬಹುದು. ಹೆಂಡತಿ ಮುಂದಿನ ಬದುಕನ್ನು ಅವನ ಜೊತೆ ಕಟ್ಟಬೇಕಾದವಳು. ಅವನೊಳಗೆ ಏನಾಗಿದೆ ಎಂಬುದನ್ನು ತಿಳಿಯುವ ಹಕ್ಕು ಅವಳಿಗಿಲ್ಲವೇ? ಉಂಟು, ಖಂಡಿತ ಉಂಟು. ಅಮೆರಿಕದ ಅಂತರ್ಯುದ್ಧದಲ್ಲಿ ರೋಡ್ ಐಲೆಂಡಿನ ಮೇಜರ್ ಸಲಿವನ್ ಬಲೂ 1861ರ ಜುಲೈ 14ರಂದು ಹೆಂಡತಿ ಸಾರಾಳಿಗೆ ಬರೆದ ಪತ್ರವನ್ನು ಈ ಮಾತಿಗೆ ಸಾಕ್ಷಿಯಾಗಿ ತರುತ್ತಾರೆ. ತಾನು ಮರಳದಿರಬಹುದೆಂದು ಅವನು ಮುಚ್ಚುಮರೆಯಿಲ್ಲದೆ ಬರೆದ. ಒಂದು ವಾರದ ಬಳಿಕ ಬುಲ್ ರನ್ ಕಾಳಗದಲ್ಲಿ ಗಾಯಗೊಂಡು ಕೆಲವೇ ದಿನಗಳಲ್ಲಿ ತೀರಿಕೊಂಡ. ಪ್ರೀತಿ ಮತ್ತು ಸತ್ಯ ಒಂದೇ ಕಾಗದದಲ್ಲಿ ಇರಬಲ್ಲವೆಂದು ಆ ಪತ್ರ ತೋರಿಸುತ್ತದೆ, ಅದನ್ನು ಒಪ್ಪುತ್ತೇನೆ. ಆದ್ದರಿಂದ ಮೌನದ ಅಧಿಕಾರಕ್ಕೆ ಎರಡನೆಯ ಎಲ್ಲೆಯೊಂದನ್ನು ಹಾಕಬೇಕು: ಅದು ಅವಧಿಯ ಅಧಿಕಾರ. ದೂರವಿದ್ದು, ಕೇಳಿದವರಿಂದ ಏನೂ ಮಾಡಲಾಗದ ಹೊತ್ತಿನವರೆಗೆ ಅದು ಸಲ್ಲುತ್ತದೆ. ಮನೆಗೆ ಮರಳಿದ ಮೇಲೆ, ಕೇಳುವವರು ಎದುರಿಗಿದ್ದು ಕೈ ಹಿಡಿಯಲು ಸಿದ್ಧರಿರುವಾಗ, ಅದೇ ಮೌನ ಇಬ್ಬರನ್ನೂ ಸುಡತೊಡಗುತ್ತದೆ. ರಾತ್ರಿ ಬೆಚ್ಚಿ ಏಳುವ ಗಂಡನ ಮಗ್ಗುಲಲ್ಲಿ ಕಾರಣ ತಿಳಿಯದೆ ಮಲಗುವ ಹೆಣ್ಣಿನ ಸಂಕಟಕ್ಕೆ ‘ನಾನು ಕ್ಷೇಮ’ ಎಂಬ ಸಾಲು ಉತ್ತರವಾಗಲಾರದು.

ಕಡೆಯ ಆಕ್ಷೇಪ ದೇಶದ ಮಾನದ್ದು. ನಮ್ಮವರು ಮಾಡಿದ ತಪ್ಪನ್ನು ನಾವೇ ಹೇಳಿದರೆ ಸೇನೆಯ ಧೈರ್ಯ ಕುಂದುತ್ತದೆ, ಸತ್ತವರಿಗೆ ಅವಮಾನವಾಗುತ್ತದೆ ಎನ್ನುತ್ತಾರೆ. ಇದಕ್ಕೆ ನಮ್ಮ ನೆರೆಯ ಮುಧೋಳದ ರನ್ನ ಸಾವಿರ ವರ್ಷದ ಹಿಂದೆಯೇ ಉತ್ತರ ಕೊಟ್ಟಿದ್ದಾನೆ. ಗದಾಯುದ್ಧದಲ್ಲಿ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ತನ್ನ ಮಗ ಲಕ್ಷಣಕುಮಾರನಿಗಾಗಿ, ತಮ್ಮ ದುಶ್ಶಾಸನನಿಗಾಗಿ, ಗೆಳೆಯ ಕರ್ಣನಿಗಾಗಿ ಅಳುತ್ತಾನೆ. ಅದೇ ದಾರಿಯಲ್ಲಿ ಶತ್ರುವಿನ ಮಗ ಅಭಿಮನ್ಯುವಿನ ದೇಹದೆದುರು ನಿಂತು ಆ ಹುಡುಗನ ಪರಾಕ್ರಮಕ್ಕೆ ಕೈ ಮುಗಿಯುತ್ತಾನೆ. ಹಲವರು ಸೇರಿ ಒಬ್ಬ ಹುಡುಗನನ್ನು ಕೊಂದದ್ದು ಅವನ ಕಡೆಯವರೇ. ಆ ಕ್ಷಣದಲ್ಲಿ ದುರ್ಯೋಧನ ಸಣ್ಣವನಾಗಲಿಲ್ಲ. ಕನ್ನಡದ ಓದುಗರು ಅವನನ್ನು ಗೌರವದಿಂದ ಕಾಣಲು ಆ ನಡಿಗೆಯೂ ಒಂದು ಕಾರಣ. ಎದುರು ಪಕ್ಷದ ಮಗುವಿನ ಸಾವನ್ನು ಸಾವೆಂದು ಒಪ್ಪಿಕೊಂಡದ್ದರಿಂದ ಯಾವ ಸೇನೆಯ ಮಾನವೂ ಹೋಗುವುದಿಲ್ಲ. ಒಪ್ಪಿಕೊಳ್ಳದೆ ಹೋದರೆ ಮಾತ್ರ, ಮಾನದಿಂದ ನಡೆದುಕೊಂಡ ಬಹುಪಾಲು ಜವಾನರೂ ತಪ್ಪು ಮಾಡಿದ ಕೆಲವರ ಜೊತೆ ಒಂದೇ ಮೌನದೊಳಗೆ ಸೇರಿಹೋಗುತ್ತಾರೆ.

ಆದ್ದರಿಂದ ತೀರ್ಮಾನ ಇದು. ಮನೆಗೆ ಕ್ಷೇಮವೆಂದು ಬರೆದ ಸೈನಿಕ ಸತ್ಯವ್ರತವನ್ನು ಮುರಿಯಲಿಲ್ಲ. ಅವನ ನೋವು ಅವನದು, ಅದನ್ನು ತಡೆಹಿಡಿದದ್ದು ಅವನ ದಾನ. ಅವನು ಹೇಳದೆ ಉಳಿಸಿಕೊಂಡ ಇನ್ನೊಬ್ಬರ ನೋವು ಮಾತ್ರ ಸಾಲವಾಗಿ ಉಳಿದಿದೆ, ಮತ್ತು ಆ ಸಾಲಕ್ಕೆ ಕಳಿಸಿದವರೂ ಮೆಚ್ಚಿದವರೂ ಜಾಮೀನುದಾರರು. ಶ್ರೀಲಂಕಾದಿಂದ ಮರಳಿದವರು ಈಗ ನಿವೃತ್ತರಾಗಿ ಮುದುಕರಾಗುತ್ತಿದ್ದಾರೆ. ಆಗಸ್ಟ್ 15ಕ್ಕೆ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಕಳಿಸುವುದರಲ್ಲಿ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಅವರ ಮನೆಗಳ ಪೆಟ್ಟಿಗೆಗಳಲ್ಲಿ ಉಳಿದಿರುವ ಇನ್‌ಲ್ಯಾಂಡ್ ಪತ್ರಗಳನ್ನು ಮನೆಯವರ ಒಪ್ಪಿಗೆಯಿಂದ ನಮ್ಮ ಕಾಲೇಜುಗಳೂ ಗ್ರಂಥಾಲಯಗಳೂ ಕಾಪಿಡಲಿ. ಮಠಗಳು ಮತ್ತು ಬಸದಿಗಳು ಅವರು ಬಂದು ಮನಸ್ಸು ಬಿಚ್ಚಿ ಮಾತಾಡಲು ಜಾಗ ಕೊಡಲಿ. ಕ್ಷಮಾವಣಿಯ ದಿನ ಒಬ್ಬ ಮಾಜಿ ಸೈನಿಕ ಬಾಯಿಬಿಟ್ಟರೆ ತೀರ್ಪು ಕೊಡದೆ ಕೇಳುವ ಜನ ಅಲ್ಲಿರಲಿ. ಊರಿನವರು ಅವನಿಗೆ ‘ಎಷ್ಟು ಮಂದಿಯನ್ನು ಹೊಡೆದಿ?’ ಎಂದು ಕೇಳುವುದನ್ನು ಬಿಡಲಿ. ‘ಅಲ್ಲಿ ಏನು ನೋಡಿದಿ?’ ಎಂದು ಕೇಳಲು ಕಲಿಯಲಿ. ಅವನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವ ಧೈರ್ಯ ನಮಗಿಲ್ಲದಿದ್ದರೆ, ಇನ್ನೊಬ್ಬ ತಾಯಿಯ ಮಗನನ್ನು ಯುದ್ಧಕ್ಕೆ ಕಳಿಸುವ ಅಧಿಕಾರವೂ ನಮಗಿಲ್ಲ.